ಸರ್ವರ್ ಹೊಸದಾಗಿ ಕಟ್ಟಿದರೆ ನಮ್ಮ ಪಹಣಿ ಅಳಿಸಿಹೋಗುತ್ತದೆಯೇ?

ಸಿರುಗುಪ್ಪ ತಾಲೂಕಿನ ಸಿರಿಗೇರಿಯ ರೈತರೊಬ್ಬರು ಬೆಳೆ ಸಾಲಕ್ಕೆಂದು ಪಹಣಿ ತೆಗೆಸಲು ಹೋಗಿದ್ದಾರೆ ಎಂದುಕೊಳ್ಳಿ. ‘ಸರ್ವರ್ ಡೌನ್ ಇದೆ, ನಾಳೆ ಬನ್ನಿ’ ಎಂಬ ಉತ್ತರ ಸಿಗುತ್ತದೆ. ಅಷ್ಟರಲ್ಲಿ ವಾಟ್ಸಾಪ್‌ನಲ್ಲಿ ಸಂದೇಶ ಬರುತ್ತದೆ: ‘ಹಳೇ ಸರ್ವರ್ ತೆಗೆದು ಹೊಸದು ಹಾಕ್ತಿದ್ದಾರೆ, ದಾಖಲೆಗಳೆಲ್ಲ ಹೋಗಿವೆ. ಈ ಲಿಂಕ್ ಒತ್ತಿ ಮತ್ತೆ ನೋಂದಾಯಿಸಿ.’ ಇದನ್ನು ನಂಬಬಹುದೇ? ಬೇಡ. ಏಕೆ ಎಂದು ನೋಡೋಣ.

ಸರ್ವರ್ ಕಟ್ಟುವುದು ಎಂದರೇನು?

ಸರ್ವರ್ ಎಂದರೆ ನಮ್ಮ ಕೋರಿಕೆಗೆ ಉತ್ತರ ಕೊಡುವ ಕಂಪ್ಯೂಟರ್. ಪದೇ ಪದೇ ಕೈಕೊಡುವ ಅಥವಾ ವೈರಸ್ ಹೊಕ್ಕಿರುವ ಸರ್ವರನ್ನು ಎಷ್ಟು ರಿಪೇರಿ ಮಾಡಿದರೂ ಒಳಗೆ ದೋಷ ಉಳಿದಿರಬಹುದು. ಹಾಗಾಗಿ ಅದನ್ನು ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಪಡಿಸುವುದೇ ಎಷ್ಟೋ ಸಲ ಸುರಕ್ಷಿತ. ದೊಡ್ಡ ವ್ಯವಸ್ಥೆಗಳಲ್ಲಿ ಯಾವ ಸರ್ವರ್‌ಗೆ ಯಾವ ತಂತ್ರಾಂಶ, ಯಾವ ಸೆಟ್ಟಿಂಗ್ ಬೇಕೆಂಬ ಪಟ್ಟಿ ಒಂದೇ ಕಡೆ ಇರುತ್ತದೆ.

ಕೆಲಸದ ಕ್ರಮ ಹೀಗೆ:

1. ಆ ಸರ್ವರ್‌ಗೆ ಕೋರಿಕೆಗಳು ಹೋಗದಂತೆ ತಡೆಯುತ್ತಾರೆ.
2. ಬೇಕಾದ ಮಾಹಿತಿಯ ಬ್ಯಾಕಪ್ ಇದೆಯೇ ಎಂದು ಖಚಿತಪಡಿಸಿಕೊಳ್ಳುತ್ತಾರೆ.
3. ಡಿಸ್ಕ್ ಅಳಿಸಿ, ಆಪರೇಟಿಂಗ್ ಸಿಸ್ಟಂ ಮತ್ತು ಹೊಸ ಅಪ್‌ಡೇಟ್‌ಗಳನ್ನು ಹಾಕುತ್ತಾರೆ.
4. ಪಟ್ಟಿಯಂತೆ ಸೆಟ್ಟಿಂಗ್ ಮಾಡಿ, ದಾಖಲೆಗಳ ಡೇಟಾಬೇಸ್‌ಗೆ ಜೋಡಿಸುತ್ತಾರೆ.
5. ಪರೀಕ್ಷಿಸಿದ ಮೇಲಷ್ಟೇ ಮತ್ತೆ ಬಳಕೆಗೆ ಬಿಡುತ್ತಾರೆ.

ಹಾಗಾದರೆ ದಾಖಲೆ ಎಲ್ಲಿರುತ್ತದೆ?

ಸಾಮಾನ್ಯವಾಗಿ ಉತ್ತರ ಕೊಡುವ ಸರ್ವರ್ ಬೇರೆ, ದಾಖಲೆ ಇಡುವ ಡೇಟಾಬೇಸ್ ಬೇರೆ. ಅಂಗಡಿಯ ಕೌಂಟರ್ ಬದಲಾಯಿಸಿದರೆ ಗೋದಾಮಿನ ಭತ್ತ ಖಾಲಿಯಾಗುವುದಿಲ್ಲವಲ್ಲ, ಇದೂ ಹಾಗೆಯೇ.

ಸರ್ವರ್ ಸಿಗದಿರಲು ಬೇರೆ ಕಾರಣಗಳೂ ಇವೆ. ನಮ್ಮ ರಾಜ್ಯದ ಆಸ್ತಿ ನೋಂದಣಿಯ ಕಾವೇರಿ 2.0 ತಂತ್ರಾಂಶ 2025ರ ಆರಂಭದಲ್ಲಿ ಡಿಡಿಒಎಸ್ ದಾಳಿಗೆ ಸಿಕ್ಕಿ ನೋಂದಣಿಗೆ ಅಡಚಣೆಯಾಗಿತ್ತು. ಸುಳ್ಳು ಕೋರಿಕೆಗಳನ್ನು ರಾಶಿ ರಾಶಿ ಕಳಿಸಿ ಬಾಗಿಲು ಕಟ್ಟಿಹಾಕುವ ದಾಳಿ ಇದು. ಇಂಥ ದಾಳಿಯಿಂದ ಸೇವೆ ನಿಲ್ಲುತ್ತದೆ, ಆದರೆ ದಾಖಲೆ ಅಳಿಯುವುದಿಲ್ಲ.

ಅಪಾಯವೇ ಇಲ್ಲವೇ?

ಇದೆ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಎಂಬ ಕಂಪನಿಯ ಎಂಜಿನಿಯರ್ ಒಬ್ಬರು ಕೆಟ್ಟ ಡೇಟಾಬೇಸ್ ಸರಿಪಡಿಸುವಾಗ ತಪ್ಪು ಸರ್ವರ್‌ನಲ್ಲಿ ಅಳಿಸುವ ಆದೇಶ ಕೊಟ್ಟರು. ಬ್ಯಾಕಪ್‌ಗೆ ಹಲವು ಏರ್ಪಾಡುಗಳಿದ್ದರೂ ಬಹುಪಾಲು ಕೆಲಸಕ್ಕೆ ಬರಲಿಲ್ಲ. ಕೊನೆಗೆ ಸುಮಾರು 6 ಗಂಟೆ ಹಿಂದಿನ ಪ್ರತಿಯೊಂದು ಕಾಪಾಡಿತು. ನಡುವಿನ ಮಾಹಿತಿ ಹೋಯಿತು. ಬ್ಯಾಕಪ್ ಇದ್ದರೆ ಸಾಲದು, ಅದು ಮರಳಿ ಬರುತ್ತದೆಯೇ ಎಂದು ಮೊದಲೇ ಪರೀಕ್ಷಿಸಿರಬೇಕು.

ನಾವೇನು ಮಾಡಬೇಕು?

- ಫಾರ್ವರ್ಡ್ ಆಗಿ ಬಂದ ಲಿಂಕ್ ಒತ್ತಬೇಡಿ, ಒಟಿಪಿ ಯಾರಿಗೂ ಹೇಳಬೇಡಿ. ಭೂಮಿ ಜಾಲತಾಣದಲ್ಲಿ ಅಥವಾ ನಾಡಕಚೇರಿಯಲ್ಲಿ ವಿಚಾರಿಸಿ.
- ಪಹಣಿ, ನೋಂದಣಿ ಪತ್ರಗಳ ಮುದ್ರಿತ ಪ್ರತಿ ಮನೆಯಲ್ಲಿರಲಿ.
- ಅರ್ಜಿ ಹಾಕಿದ ದಿನವೇ ಸ್ವೀಕೃತಿ ಪಡೆಯಿರಿ. ಆ ದಿನದ ಮಾಹಿತಿ ಕಳೆದುಹೋದರೂ ನಿಮ್ಮ ಕೈಯಲ್ಲಿ ಪುರಾವೆ ಇರುತ್ತದೆ.
- ಹಣ ಕಳೆದುಕೊಂಡಿದ್ದರೆ ತಡಮಾಡದೆ 1930ಕ್ಕೆ ಕರೆ ಮಾಡಿ.

‘ಸರ್ವರ್ ಡೌನ್’ ಎಂದರೆ ಕಾಯಬೇಕಾಗಬಹುದು, ಅಷ್ಟೇ. ‘ದಾಖಲೆ ಹೋಯಿತು’ ಎಂಬ ಸಂದೇಶವನ್ನು ಮುಂದಕ್ಕೆ ಕಳಿಸುವ ಮುನ್ನ ಒಮ್ಮೆ ವಿಚಾರಿಸಿ.