ಬೇಡವೆಂದವರೂ ಆ ಕಾಲದವರೇ

‘ಅದು ಆ ಕಾಲದ ಮೌಲ್ಯ, ಇಂದಿನ ಅಳತೆಗೋಲು ಹಿಡಿಯಬೇಡಿ.’ ಸತಿಯ ವಿಷಯ ಬಂದಾಗಲೆಲ್ಲ ಇತಿಹಾಸದ ಚರ್ಚೆಗಳಲ್ಲಿ ಕೇಳಿಬರುವ ಮಾತಿದು. ಸರಿತಪ್ಪುಗಳು ಆಯಾ ಕಾಲದ, ಆಯಾ ಜನರ ದೃಷ್ಟಿಗೆ ಬಿಟ್ಟವು ಎಂಬ ನಂಬಿಕೆ ಇದರ ಹಿಂದಿದೆ.

ಹೆಗ್ಗಡದೇವನಕೋಟೆ ತಾಲ್ಲೂಕಿನ ಬೆಳತೂರಿನ 1057ರ ಶಾಸನ ಓದಿದರೆ ಈ ಮಾತು ಅಷ್ಟು ಸಲೀಸೆನಿಸುವುದಿಲ್ಲ. ಗಂಡ ಏಚನಿಗೆ ತಲಕಾಡಿನಲ್ಲಿ ಮರಣದಂಡನೆಯಾದ ಸುದ್ದಿ ಕೇಳಿದ ದೇಕಬ್ಬೆ ಬೆಂಕಿ ಹೊಕ್ಕಳು. ಶಾಸನ ಅವಳನ್ನು ಕೊಂಡಾಡುತ್ತದೆ. ಹೆತ್ತವರು ಬೇಡವೆಂದು ತಡೆದದ್ದನ್ನೂ ಅದೇ ಶಾಸನ ಹೇಳುತ್ತದೆ. ಅದಕ್ಕೂ ಸುಮಾರು ನಾಲ್ಕು ಶತಮಾನ ಮೊದಲು, ಹರ್ಷನ ಆಸ್ಥಾನದ ಬಾಣ ತನ್ನ ‘ಕಾದಂಬರಿ’ಯಲ್ಲಿ, ಸತ್ತವರ ಹಿಂದೆ ಸಾಯುವುದು ನಿಷ್ಫಲವೆಂದು ಚಂದ್ರಾಪೀಡನಿಂದ ವಾದ ಮಾಡಿಸಿದ್ದ. ಬೆಂಟಿಂಕ್ ಬಂಗಾಳದಲ್ಲಿ ಸತಿಯನ್ನು ನಿಷೇಧಿಸಿದ್ದು 1829ರಲ್ಲಿ.

ಇಷ್ಟರಿಂದಲೇ ಮೌಲ್ಯಗಳು ಸಾರ್ವಕಾಲಿಕವೆಂದು ಸಾಬೀತಾಗದು. ಆದರೆ ಮಗಳ ಜೀವ ಉಳಿಯಲೆಂದು ಬೇಡಿದ ಆ ತಂದೆತಾಯಿ ಯಾವ ಕಾಲದವರು? ಗೆದ್ದವರ ಮೌಲ್ಯವನ್ನೇ ಇಡೀ ಕಾಲದ ಮೌಲ್ಯವೆಂದಾಗ ನಾವು ತಟಸ್ಥರಾಗಿ ಉಳಿದಿರುವುದಿಲ್ಲ. ಬೇಡವೆಂದವರ ವಿರುದ್ಧ ಆಗಲೇ ತೀರ್ಪು ಕೊಟ್ಟಿರುತ್ತೇವೆ.