ಹಿಡಿದು ಬಿಟ್ಟರೂ ಬೇಟೆಯೇ

ಶಿವನಸಮುದ್ರದಿಂದ ಮೇಕೆದಾಟಿನವರೆಗಿನ ಕಾವೇರಿ ಒಂದು ಕಾಲಕ್ಕೆ ಮಹಶೀರ್ ಮೀನಿಗಾಗಿ ದೂರದೇಶದ ಗಾಳಗಾರರನ್ನೂ ಸೆಳೆಯುತ್ತಿತ್ತು. ಭೀಮೇಶ್ವರಿ, ಗಾಲಿಬೋರೆ, ದೊಡ್ಡಮಕ್ಕಳಿ ಶಿಬಿರಗಳಲ್ಲಿ ಪರವಾನಗಿ ಪಡೆದವರು ಹಿಡಿದ ಮೀನನ್ನು ತೂಗಿ ನದಿಗೇ ಬಿಡಬೇಕಿತ್ತು. ಅವರಿಗೆ ಮಾರ್ಗದರ್ಶಿಗಳು ಸ್ಥಳೀಯರೇ: ಮಡುವಿನ ಆಳ ಬಲ್ಲವರು, ಗಾಳಕ್ಕೆ ರಾಗಿ ಉಂಡೆ ಕಟ್ಟುವವರು, ಹರಿಗೋಲು ನಡೆಸುವವರು. ಹಿಂದೆ ಕದ್ದು ಮೀನು ಹಿಡಿಯುತ್ತಿದ್ದ ಕೆಲವರು ಸಂಬಳ ಸಿಕ್ಕ ಮೇಲೆ ನದಿಯ ಕಾವಲಿಗೆ ನಿಂತರು.

ಈ ದಂಡೆಗಳ ಕಾಡು 1987ರಲ್ಲಿ ಕಾವೇರಿ ವನ್ಯಜೀವಿ ಧಾಮವಾಯಿತು. ಆದರೆ 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ‘ಪ್ರಾಣಿ’ ಪದಕ್ಕೆ ಕೊಟ್ಟಿದ್ದ ಮೂಲ ವ್ಯಾಖ್ಯೆಯಲ್ಲಿ ಮೀನಿನ ಹೆಸರಿರಲಿಲ್ಲ. 2002ರ ತಿದ್ದುಪಡಿ ಅದನ್ನು ಸೇರಿಸಿತು. ಜೀವಂತ ಸೆರೆಹಿಡಿಯುವುದೂ ಕಾಯ್ದೆಯ ದೃಷ್ಟಿಯಲ್ಲಿ ಬೇಟೆ; ಹಿಡಿದು ಬಿಟ್ಟೆವೆಂಬ ಸಮಜಾಯಿಷಿ ನಿಲ್ಲದು. ಧಾಮದೊಳಗಿನ ಬೇಟೆಗೆ 3ರಿಂದ 7 ವರ್ಷ ಸೆರೆವಾಸ. ಕುಮ್ಮಕ್ಕು ಕೊಟ್ಟವರೂ ತಪ್ಪಿತಸ್ಥರೇ. ಅಂದರೆ ಗಾಳ ಹಾಕಿದವನ ಜೊತೆಗೆ ದಾರಿ ತೋರಿದವನೂ ಹೊಣೆಗಾರ.

2010ರ ಆಸುಪಾಸಿನಲ್ಲಿ ಇಲ್ಲಿನ ಗಾಳದ ಆಟ ನಿಂತಿತು. 2018ರಲ್ಲಿ ಕಾವೇರಿಯ ಗೂನುಬೆನ್ನಿನ ಮಹಶೀರ್ ತೀವ್ರ ಅಳಿವಿನಂಚಿನ ಜೀವಿಗಳ ಪಟ್ಟಿಗೆ ಸೇರಿತು. ಮೀನಿಗೆ ಕಾನೂನಿನ ರಕ್ಷಣೆ ಸಿಕ್ಕಿತು, ಅದನ್ನು ಕಾಯುತ್ತಿದ್ದವರ ಕೆಲಸ ಹೋಯಿತು. ಪರವಾನಗಿಯ ಮಾತು ಬಂದಾಗಲೆಲ್ಲ ಮೊದಲು ಕೇಳಬೇಕಾದ ಪ್ರಶ್ನೆ ಇದು: ರಾತ್ರಿ ಹೊತ್ತು ನದಿಯ ದಂಡೆಯಲ್ಲಿ ಕಾವಲಿರುವವರು ಯಾರು?