ಮನೆ ಇದ್ದವರ ಟೆಂಟು

ನಮ್ಮೂರ ಕಡೆ ‘ಕ್ಯಾಂಪ್’ ಅನ್ನೋ ಪದಕ್ಕೆ ಮೋಜಿನ ಅರ್ಥವೇ ಇರಲಿಲ್ಲ. ಸಾಹೇಬ್ರು ಆಫೀಸಲ್ಲಿ ಇಲ್ಲ ಅಂದ್ರೆ ‘ಕ್ಯಾಂಪ್ ಹೋಗಿದಾರೆ’ ಅಂತಿದ್ರು. ಸಿಂಧನೂರು, ಗಂಗಾವತಿ ಕಡೆ ಹೋದರೆ, ತುಂಗಭದ್ರಾ ಕಾಲುವೆ ನೀರು ಬಂದಮೇಲೆ ಆಂಧ್ರದಿಂದ ಬಂದು ನೆಲೆಸಿದ ರೈತರ ಊರುಗಳ ಹೆಸರಲ್ಲೇ ‘ಕ್ಯಾಂಪ್’ ಇದೆ. ಇನ್ನು ರಾಶಿ ಕಾಯೋಕೆ ಕಣದಲ್ಲಿ ಮಲಗುವ ರೈತ, ಕುರಿಮಂದೆ ಜೊತೆ ಬಯಲಲ್ಲೇ ರಾತ್ರಿ ಕಳೆಯುವ ಕುರುಬ, ಇವರ್ಯಾರೂ ಅದನ್ನ ಕ್ಯಾಂಪಿಂಗ್ ಅಂತ ಕರೆದವರಲ್ಲ. ಅದು ಅವರ ಕೆಲಸ. ಹಾಗಾದ್ರೆ ಬಯಲಲ್ಲಿ ಮಲಗೋದು ರಜೆಯ ಮಜಾ ಆಗಿದ್ದು ಯಾವಾಗ, ಯಾರಿಗೆ? ಇದಕ್ಕೆ ಅಮೆರಿಕದ ಕತೆಯಲ್ಲಿ ಒಂದು ಒಳ್ಳೆ ಉತ್ತರ ಇದೆ.

ವಿಲಿಯಂ ಎಚ್. ಎಚ್. ಮರ್ರೆ ಅಂತ ಬಾಸ್ಟನ್ನಿನ ಪಾರ್ಕ್ ಸ್ಟ್ರೀಟ್ ಚರ್ಚಿನಲ್ಲಿ ಒಬ್ಬ ಪಾದ್ರಿ ಇದ್ದರು. ವಯಸ್ಸು ಮೂವತ್ತರ ಒಳಗೆ. ನ್ಯೂಯಾರ್ಕ್ ರಾಜ್ಯದ ಉತ್ತರಕ್ಕಿರುವ ಅಡಿರಾಂಡಾಕ್ ಕಾಡಿಗೆ ಹೋಗೋದು, ದೋಣಿ ನಡೆಸೋದು, ಮೀನು ಹಿಡಿಯೋದು ಅವರ ಹುಚ್ಚು. 1869ರ ಏಪ್ರಿಲ್‌ನಲ್ಲಿ ಅವರ ‘ಅಡ್ವೆಂಚರ್ಸ್ ಇನ್ ದಿ ವಿಲ್ಡರ್‌ನೆಸ್’ ಪುಸ್ತಕ ಬಂತು. ಅದಕ್ಕೂ ಮೊದಲು ಈ ಕಾಡಿಗೆ ಯಾರೂ ಹೋಗಿರಲಿಲ್ಲ ಅಂತೇನಲ್ಲ. 1858ರಲ್ಲೇ ಎಮರ್ಸನ್ ಅಂಥ ದೊಡ್ಡವರು ಗೆಳೆಯರ ಜೊತೆ ಅಲ್ಲಿ ಬಿಡಾರ ಹೂಡಿದ್ದರು. ಮರ್ರೆ ಮಾಡಿದ್ದು ಬೇರೆ. ಹೇಗೆ ಹೋಗಬೇಕು, ಏನು ಹೊತ್ತೊಯ್ಯಬೇಕು, ಯಾವ ಗೈಡ್ ಒಳ್ಳೆಯವನು, ಎಷ್ಟು ಖರ್ಚಾಗುತ್ತೆ ಅಂತ ಬಿಡಿಸಿ ಬಿಡಿಸಿ ಬರೆದರು. ಪಟ್ಟಣದಲ್ಲಿ ದಣಿದವರಿಗೆ ಕಾಡೇ ಮದ್ದು, ಹೆಂಗಸರೂ ಧಾರಾಳವಾಗಿ ಬರಬಹುದು ಅಂದರು. ಪ್ರಕಾಶಕರು ರೈಲು ವೇಳಾಪಟ್ಟಿ, ಮ್ಯಾಪು ಸೇರಿಸಿ ಪ್ರವಾಸಿಗರಿಗೇ ಅಂತ ಇನ್ನೊಂದು ಆವೃತ್ತಿ ತಂದರು.

ಆ ಬೇಸಿಗೆಯಲ್ಲಿ ಜನ ನುಗ್ಗಿಬಿಟ್ಟರು. ಹೋಟೆಲುಗಳು ತುಂಬಿದವು, ಗೈಡ್‌ಗಳು ಸಾಲಲಿಲ್ಲ. ಸಾಲದ್ದಕ್ಕೆ ವಿಪರೀತ ಮಳೆ, ಚಳಿ, ರಕ್ತ ಹೀರೋ ಕಪ್ಪು ನೊಣಗಳು. ಕಾಡಿನ ಗಾಳಿಯಿಂದ ಕ್ಷಯ ವಾಸಿಯಾದ ಯುವಕನ ಕತೆ ಪುಸ್ತಕದಲ್ಲಿತ್ತು, ಅದನ್ನ ನಂಬಿ ರೋಗಿಗಳೂ ಬಂದರು. ಹೀಗೆ ಮೋಸ ಹೋದವರಿಗೆ ‘ಮರ್ರೆಯ ಮೂರ್ಖರು’ ಅಂತ ಅಡ್ಡಹೆಸರು ಬಿತ್ತು. ಆದ್ರೂ ಜನ ಬರೋದು ನಿಲ್ಲಲಿಲ್ಲ. ಯಾಕಂದ್ರೆ ಆ ಹೊತ್ತಿಗೆ ನಗರದಲ್ಲಿ ಹೊಸ ಥರದ ಜನ ಹುಟ್ಟಿಕೊಂಡಿದ್ದರು: ಸಂಬಳ, ರಜೆ, ರೈಲು ಟಿಕೆಟ್ಟು ಮೂರೂ ಇದ್ದವರು, ಅಂದ್ರೆ ನಮ್ಮಂಥವರು! ಅವರಿಗೆ ದೋಣಿ ಹೊತ್ತು, ಒಲೆ ಹೂಡಿ, ಅಡುಗೆ ಮಾಡಿಕೊಡುತ್ತಿದ್ದ ಗೈಡೂ ಅದೇ ಬೆಂಕಿ ಪಕ್ಕ ಮಲಗುತ್ತಿದ್ದ. ಒಬ್ಬರಿಗೆ ಅದು ರಜೆ, ಇನ್ನೊಬ್ಬರಿಗೆ ದಿನಗೂಲಿ.

ರೈಲು ಮಾಡಿದ ಕೆಲಸವನ್ನ ಆಮೇಲೆ ಕಾರು ನೂರು ಪಟ್ಟು ಮಾಡಿತು. 1908ರಲ್ಲಿ ಬಂದ ಫೋರ್ಡ್ ಮಾಡೆಲ್ ಟಿ ಬೆಲೆ ವರ್ಷ ವರ್ಷ ಇಳಿಯುತ್ತಾ ಹೋಯಿತು. 1920ರ ದಶಕದಲ್ಲಿ ಜನ ಕಾರು ತಂದು ಮರದ ಬುಡಕ್ಕೇ ನಿಲ್ಲಿಸಿ ಟೆಂಟ್ ಹಾಕತೊಡಗಿದರು. ಕ್ಯಾಲಿಫೋರ್ನಿಯಾದ ದೊಡ್ಡ ದೊಡ್ಡ ರೆಡ್‌ವುಡ್ ಮರಗಳು ಸೊರಗುತ್ತಿರೋದನ್ನ ಗಮನಿಸಿದ್ದು ಇ. ಪಿ. ಮೈನೆಕೆ ಅನ್ನೋ ಸಸ್ಯರೋಗ ತಜ್ಞರು. ಚಕ್ರ, ಕಾಲು ತುಳಿದು ತುಳಿದು ಮಣ್ಣು ಗಟ್ಟಿಯಾದರೆ ಬೇರಿಗೆ ನೀರೂ ಇಲ್ಲ, ಗಾಳಿಯೂ ಇಲ್ಲ. ಜನರನ್ನ ತಡೆಯೋಕಾಗಲ್ಲ, ಆದ್ರೆ ಜಾಗದ ಡಿಸೈನ್ ಬದಲಿಸಬಹುದಲ್ಲ ಅಂತ ಅವರು ಯೋಚಿಸಿದರು. ಒಂದೇ ದಿಕ್ಕಿಗೆ ಸುತ್ತುವ ರಸ್ತೆ, ಪ್ರತಿ ಟೆಂಟಿಗೂ ಕಾರು ನಿಲ್ಲಿಸೋ ಸಣ್ಣ ಕವಲು, ಕದಲದ ಮೇಜು, ಒಲೆ, ದಾರಿ ತಪ್ಪದಂತೆ ಬಂಡೆ, ದಿಮ್ಮಿಗಳ ಬೇಲಿ. 1932ರಲ್ಲಿ ಅವರು ಬರೆದಿಟ್ಟ ಈ ನಕ್ಷೆಯನ್ನೇ ರೂಸ್‌ವೆಲ್ಟ್ ಕಾಲದ ಉದ್ಯೋಗ ಯೋಜನೆಯ ಯುವಕರು ದೇಶದ ತುಂಬಾ ಕಟ್ಟಿದರು. ಇವತ್ತಿಗೂ ಅಮೆರಿಕದ ಬಹುಪಾಲು ಕ್ಯಾಂಪ್‌ಗ್ರೌಂಡ್‌ಗಳ ಹೊಳಹು ಇದೇ.

ಮರಕ್ಕೆ ನ್ಯಾಯ ಸಿಕ್ಕಿತು. ಮನುಷ್ಯರಿಗೆ? ವರ್ಜೀನಿಯಾದ ಶೆನಂಡೋವಾ ನ್ಯಾಷನಲ್ ಪಾರ್ಕನ್ನ 1936ರಲ್ಲಿ ರೂಸ್‌ವೆಲ್ಟ್ ಉದ್ಘಾಟಿಸಿದರು. ಅದು ಆಗೋಕೆ ಬೆಟ್ಟದಲ್ಲಿದ್ದ ಸುಮಾರು 500 ಕುಟುಂಬಗಳು ಜಾಗ ಬಿಡಬೇಕಾಯಿತು. ನಾಗರಹೊಳೆಯ ಜೇನುಕುರುಬರ ಕತೆ ಗೊತ್ತಿದ್ದವರಿಗೆ ಇದು ಹೊಸದೇನಲ್ಲ. ಅಲ್ಲೇ ಬಾಳಿದವರು ಕೆಳಗಿಳಿದರು, ಎರಡು ರಾತ್ರಿ ಇದ್ದು ಹೋಗೋರು ಮೇಲೆ ಹತ್ತಿದರು. ಹಾಗೆ ಹತ್ತಿದವರಲ್ಲೂ ಎಲ್ಲರೂ ಸಮ ಅಲ್ಲ. 1939ರಲ್ಲಿ ಅದೇ ಪಾರ್ಕಿನ ಲೂಯಿಸ್ ಮೌಂಟನ್‌ನಲ್ಲಿ ಕರಿಯರಿಗೆ ಅಂತಲೇ ಬೇರೆ ಕ್ಯಾಂಪ್‌ಗ್ರೌಂಡ್ ತೆರೆದರು. ತೆರಿಗೆ ಎಲ್ಲರದ್ದು, ಆಕಾಶವೂ ಎಲ್ಲರದ್ದು, ಟೆಂಟಿನ ಜಾಗ ಮಾತ್ರ ಬಣ್ಣ ನೋಡಿ. ಈ ಭೇದ ಪೂರ್ತಿ ಹೋಗಿದ್ದು 1950ರ ಹೊತ್ತಿಗೆ.

ಇದನ್ನೆಲ್ಲಾ ಓದಿ ಯಾರೂ ವೀಕೆಂಡ್ ಕ್ಯಾಂಪಿಂಗ್ ಬಿಡಬೇಕಾಗಿಲ್ಲ. ಮರ್ರೆ ಹೇಳಿದ ದಣಿವು ಸುಳ್ಳಲ್ಲ, ಸ್ಕ್ರೀನ್ ನೋಡಿ ನೋಡಿ ಕಣ್ಣು ಉರಿಯೋ ನಮಗೆ ಅದು ಚೆನ್ನಾಗೇ ಗೊತ್ತು. ಆದರೆ ಕ್ಯಾಂಪಿಂಗ್ ಅಂದ್ರೆ ‘ಬೇರಿಗೆ ಮರಳೋದು’ ಅನ್ನೋ ಮಾತು ಕೇಳಿದಾಗ ನನಗೆ ನಗು ಬರುತ್ತೆ. ಅದು ಶುರುವಾಗಿದ್ದೇ ಮರಳೋಕೆ ಒಂದು ಬೆಚ್ಚನೆ ಮನೆ ಇದ್ದವರಿಂದ. ಮಳೆ ಬಂದ್ರೆ ಟೆಂಟ್ ಮಡಚಿ ಹೊರಡಬಹುದು ಅನ್ನೋ ಧೈರ್ಯ ಇದೆಯಲ್ಲ, ಅದೇ ಕ್ಯಾಂಪಿಂಗ್‌ಗೂ ಬರೀ ಬಯಲಲ್ಲಿ ಮಲಗೋದಕ್ಕೂ ಇರೋ ವ್ಯತ್ಯಾಸ.

ಲೂಯಿಸ್ ಮೌಂಟನ್ ಕ್ಯಾಂಪ್‌ಗ್ರೌಂಡ್ ಈಗಲೂ ಇದೆ, ಈಗ ಅಲ್ಲಿ ಯಾರು ಬೇಕಾದರೂ ಟೆಂಟ್ ಹಾಕಬಹುದು. ಪಾರ್ಕಿನ ಕಾಡಿನೊಳಗೆ, ಬೆಟ್ಟ ಬಿಟ್ಟು ಹೋದ ಕುಟುಂಬಗಳ ಹಳೇ ಸಮಾಧಿಗಳೂ ಹಾಗೇ ಇವೆ.